ಬಿಸಿಯೇರದ ಎಂಜಿನ್



ಬೇಸಿಗೆಯ ನಡುಹಗಲಿನಲ್ಲಿ ರಸ್ತೆಯ ಅಂಚಿಗೆ ಬಾನೆಟ್ ತೆರೆದುಕೊಂಡು ಹಬೆಯುಗುಳುತ್ತ ನಿಂತ ಕಾರನ್ನು ನಾವೆಲ್ಲರೂ ನೋಡಿದ್ದೇವೆ. ಎಂಜಿನ್ ಅತಿಯಾಗಿ ಕಾದರೆ ಏನಾಗುವುದೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಕಾಯಬೇಕಾದಷ್ಟು ಕಾಯದ ಎಂಜಿನ್ನಿನ ವಿಷಯ ಹಾಗಲ್ಲ. ಅದು ಹಬೆಯುಗುಳುವುದಿಲ್ಲ, ದಾರಿಯಲ್ಲಿ ನಿಲ್ಲುವುದಿಲ್ಲ, ಕೆಂಪು ದೀಪ ಹೊತ್ತಿಸುವುದಿಲ್ಲ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಹೆಚ್ಚು ಪೆಟ್ರೋಲು ಕುಡಿಯುತ್ತ, ಒಳಗಿಂದೊಳಗೆ ಸವೆಯುತ್ತ ಓಡುತ್ತಲೇ ಇರುತ್ತದೆ. ಈ ದಿನ ನಾನು ಹೇಳಹೊರಟಿರುವುದು ಅಂತಹ ಎಂಜಿನ್ನಿನ ವಿಚಾರ.

ಹೈದರಾಬಾದಿನಂತಹ ಊರಿನಲ್ಲಿ ಎಂಜಿನ್ ಬಿಸಿಯಾಗದಿರುವುದುಂಟೇ ಎಂದು ತಾವು ಕೇಳಬಹುದು. ಮೇ ತಿಂಗಳಿನಲ್ಲಿ ಇಲ್ಲಿಯ ಉಷ್ಣತೆ 40 ಡಿಗ್ರಿ ಸೆಂಟಿಗ್ರೇಡನ್ನು ಮುಟ್ಟುತ್ತದೆ; ಡಿಸೆಂಬರ್, ಜನವರಿಯ ಬೆಳಗಿನಲ್ಲಿ 15ರ ಆಸುಪಾಸಿಗೆ, ಕೆಲವು ದಿನ 10ಕ್ಕೂ ಕೆಳಗೆ ಇಳಿಯುತ್ತದೆ. ನಮ್ಮ ಮೈಗೆ ಇವೆರಡರ ನಡುವೆ ಅಜಗಜಾಂತರವಿದ್ದರೂ ಎಂಜಿನ್ನಿಗೆ ಎರಡೂ ಚಳಿಯೇ. ಅದು ಸುಖವಾಗಿ ಕೆಲಸ ಮಾಡುವುದು ಅದರ ಸುತ್ತ ಹರಿಯುವ ನೀರು 85ರಿಂದ 95 ಡಿಗ್ರಿಯಷ್ಟು ಬಿಸಿಯಿರುವಾಗ. ನಮ್ಮ ಕಡುಬೇಸಿಗೆಯ ಗಾಳಿಯೂ ಅದಕ್ಕಿಂತ ಸುಮಾರು 45 ಡಿಗ್ರಿಯಷ್ಟಾದರೂ ತಣ್ಣಗಿರುತ್ತದೆ. ಆದುದರಿಂದ ಈ ದೋಷ ಶೀತದೇಶಗಳದ್ದು ಮಾತ್ರವೆಂಬ ನಂಬಿಕೆ ಸರಿಯಲ್ಲ.

ಸಿಲಿಂಡರಿನೊಳಗೆ ಇಂಧನ ಉರಿಯುವಾಗ ಅನಿಲಗಳ ಉಷ್ಣತೆ ಕ್ಷಣಕಾಲ 2000 ಡಿಗ್ರಿಯನ್ನೂ ಮೀರುತ್ತದೆ. ಹೀಗೆ ಹುಟ್ಟಿದ ಶಾಖದಲ್ಲಿ ಸ್ಥೂಲವಾಗಿ ಮೂರನೆಯ ಒಂದು ಪಾಲು, ಎಷ್ಟೋ ವೇಳೆ ಅದಕ್ಕಿಂತಲೂ ಕಡಿಮೆ, ಚಕ್ರ ತಿರುಗಿಸುವ ಕೆಲಸಕ್ಕೆ ಸಲ್ಲುತ್ತದೆ. ಇನ್ನೊಂದು ದೊಡ್ಡ ಪಾಲು ಹೊಗೆಕೊಳವೆಯ ಮೂಲಕ ಹೊರಹೋಗುತ್ತದೆ. ಉಳಿದದ್ದನ್ನು ಹೊತ್ತೊಯ್ಯುವುದು ಎಂಜಿನ್ನಿನ ಗೋಡೆಗಳೊಳಗೆ ಹರಿಯುವ ತಂಪುದ್ರವ, ಅಂದರೆ ಕೂಲಂಟ್. ಅದು ರೇಡಿಯೇಟರಿನಲ್ಲಿ ಗಾಳಿಗೆ ಶಾಖ ಕೊಟ್ಟು ಮರಳಿ ಬರುತ್ತದೆ. ಈ ಏರ್ಪಾಡು ಸದಾಕಾಲ ಪೂರ್ತಿ ನಡೆಯುತ್ತಿದ್ದರೆ ಎಂಜಿನ್ ಎಂದಿಗೂ ಬಿಸಿಯೇರದು. ಆದುದರಿಂದ ಎಂಜಿನ್ನಿಗೂ ರೇಡಿಯೇಟರಿಗೂ ನಡುವೆ ಒಬ್ಬ ಬಾಗಿಲು ಕಾಯುವವನನ್ನು ನಿಲ್ಲಿಸಿದ್ದಾರೆ. ಇವನೇ ಥರ್ಮೋಸ್ಟಾಟ್. ಕನ್ನಡದಲ್ಲಿ ಉಷ್ಣಸ್ಥಾಪಕವೆಂದು ಕರೆಯಬಹುದು. ಆದರೆ ರಾಣಿಗಂಜಿನ ಬಿಡಿಭಾಗಗಳ ಅಂಗಡಿಯಲ್ಲಿ ಆ ಹೆಸರು ಹೇಳಿದರೆ ವಸ್ತು ಸಿಗಲಾರದು. ಅಲ್ಲಿ ‘ಥರ್ಮೋಸ್ಟಾಟ್ ವಾಲ್ವ್’ ಎಂದೇ ಕೇಳಬೇಕು.

ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ವಸ್ತು ಇದು. ನಡುವೆ ಒಂದು ಪುಟ್ಟ ಲೋಹದ ಬಟ್ಟಲು, ಅದರೊಳಗೆ ಮೇಣ. ಶಾಖ ಬೇಗ ಹರಡಲೆಂದು ಮೇಣದೊಡನೆ ತಾಮ್ರದ ಪುಡಿಯನ್ನು ಬೆರೆಸಿರುತ್ತಾರೆ. ನಿಗದಿತ ಉಷ್ಣತೆಗೆ ಬಂದೊಡನೆ ಮೇಣ ಕರಗಿ ಹಿಗ್ಗುತ್ತದೆ, ಒಳಗಿನ ಸಣ್ಣ ಕಡ್ಡಿಯನ್ನು ನೂಕುತ್ತದೆ, ಬಾಗಿಲು ತೆರೆಯುತ್ತದೆ. ತಣಿದಾಗ ಸ್ಪ್ರಿಂಗು ಅದನ್ನು ಮತ್ತೆ ಮುಚ್ಚುತ್ತದೆ. ವಿದ್ಯುತ್ತು ಬೇಡ, ಚಾಲಕನ ಕೈಯೂ ಬೇಡ. ಬಾಗಿಲು ತೆರೆಯತೊಡಗುವ ಉಷ್ಣತೆಯನ್ನು ಅದರ ಮೈಮೇಲೆಯೇ ಅಚ್ಚೊತ್ತಿರುತ್ತಾರೆ. ಸಾಮಾನ್ಯವಾಗಿ 82 ಅಥವಾ 88. ಅಲ್ಲಿಂದ ಮುಂದೆ ಹತ್ತು ಹನ್ನೆರಡು ಡಿಗ್ರಿ ಏರುವಷ್ಟರಲ್ಲಿ ಬಾಗಿಲು ಪೂರ್ತಿ ತೆರೆದಿರುತ್ತದೆ. ಮುಚ್ಚಿರುವಾಗ ದ್ರವವು ‘ಬೈಪಾಸ್’ ಎಂಬ ಒಳದಾರಿಯಲ್ಲಿ ಎಂಜಿನ್ನಿನೊಳಗೇ ಸುತ್ತುತ್ತಿರುತ್ತದೆ. ಈ ಒಳದಾರಿಯನ್ನು ನೆನಪಿನಲ್ಲಿಡಿ. ಮುಂದೆ ಅದರ ಪ್ರಸ್ತಾಪ ಬರುತ್ತದೆ.

ಮೇಣದ ಈ ಯುಕ್ತಿಯನ್ನು 1930ರ ದಶಕದಲ್ಲಿ ಅಮೆರಿಕದ ಸರ್ಜಿಯಸ್ ವರ್ನೆ ಎಂಬವರು ರೂಪಿಸಿದರು. ಅದಕ್ಕೆ ಮುಂಚೆ ಬೇಗ ಆವಿಯಾಗುವ ದ್ರವ ತುಂಬಿದ ತಿದಿಗಳಿದ್ದವು. ಇನ್ನೂ ಹಿಂದೆ ಏನೂ ಇರಲಿಲ್ಲ. ಆರನೆಯ ನಿಜಾಮರು ಬಯಸಿ ತರಿಸಿದ, ಆದರೆ ಅವರು 1911ರಲ್ಲಿ ತೀರಿಕೊಂಡ ಬಳಿಕ ಈ ಊರನ್ನು ಸೇರಿದ, 1912ರ ಹಳದಿ ಬಣ್ಣದ ರೋಲ್ಸ್ ರಾಯ್ಸ್ ಕಾರಿನ ಕತೆ ತಮಗೆಲ್ಲ ಗೊತ್ತೇ ಇದೆ. ಆ ಕಾಲದ ಬಹುತೇಕ ವಾಹನಗಳಿಗೆ ಇಂತಹ ಸ್ವಯಂಚಾಲಿತ ಬಾಗಿಲು ಇರಲಿಲ್ಲ. ಚಳಿ ಹೆಚ್ಚಾದರೆ ಚಾಲಕನು ರೇಡಿಯೇಟರಿಗೆ ಕಂಬಳಿ ಹೊದಿಸುತ್ತಿದ್ದನು. ಉತ್ತರಭಾರತದ ಚಳಿಗಾಲದಲ್ಲಿ ಲಾರಿಗಳ ಮೂತಿಗೆ ಗೋಣಿತಾಟನ್ನೋ ರಟ್ಟನ್ನೋ ಕಟ್ಟುವ ರೂಢಿಯ ಹಿಂದೆ ಇರುವುದೂ ಇದೇ ಉಪಾಯ.

ಇನ್ನು ನಮ್ಮ ಕಡೆಯ ರೂಢಿಗೆ ಬರೋಣ. ಥರ್ಮೋಸ್ಟಾಟನ್ನು ಕಿತ್ತು ಎಸೆಯುವುದೇ ಆ ರೂಢಿ. ಅಂಬಾಸಿಡರ್, ಪದ್ಮಿನಿ ಕಾರುಗಳ ಕಾಲದಲ್ಲಿ ಇದು ದೇಶದಾದ್ಯಂತ ನಡೆಯಿತು. ಕಾರಣವಿಲ್ಲದೆ ನಡೆಯಿತೆನ್ನಲಾರೆ. ಮೇಣದ ಬಟ್ಟಲು ಸೋರಿಹೋದರೆ ಸ್ಪ್ರಿಂಗಿನ ಒತ್ತಡಕ್ಕೆ ಬಾಗಿಲು ಮುಚ್ಚಿಯೇ ಉಳಿಯುತ್ತದೆ, ಎಂಜಿನ್ ಕುದಿಯುತ್ತದೆ. ಅಂದಿನ ದಿನಗಳಲ್ಲಿ ಕೂಲಂಟ್ ಬಳಸುವವರು ವಿರಳ, ನಲ್ಲಿಯ ನೀರೇ ಗತಿ. ತುಕ್ಕು ಹಿಡಿದು ವಾಲ್ವ್ ಸಿಕ್ಕಿಕೊಳ್ಳುವುದು ಸಾಮಾನ್ಯವಾಗಿತ್ತು. ಹೊಸದು ಕೈಗೆ ಸಿಗುವುದು ಕಷ್ಟವಾಗಿತ್ತು. ಆದರೆ ಅಂದಿನ ನಿರ್ಬಂಧದಿಂದ ಹುಟ್ಟಿದ ಅಭ್ಯಾಸ ಇಂದಿನ ಕಾರುಗಳಿಗೂ ಅಂಟಿಕೊಂಡಿದೆ, ಅದೇ ದುರದೃಷ್ಟ.

ಅನ್ಯರ ಮೇಲೆ ತಪ್ಪು ಹೊರಿಸುವ ಮೊದಲು ನನ್ನದನ್ನು ಒಪ್ಪಿಕೊಳ್ಳುತ್ತೇನೆ. 1990ರ ದಶಕದ ಕೊನೆಯಲ್ಲಿ ನನ್ನ ಬಳಿ ಒಂದು ಹಳೆಯ ಪೆಟ್ರೋಲು ಕಾರಿತ್ತು. ಒಂದು ಬೇಸಿಗೆಯಲ್ಲಿ ಅದು ಎರಡು ಸಲ ಕುದಿಯಿತು. ರಿಪೇರಿ ಮಾಡುವವನು ಥರ್ಮೋಸ್ಟಾಟನ್ನು ಕಿತ್ತು ನನ್ನ ಕೈಗಿಟ್ಟು, “ಇದು ಚಳಿ ದೇಶದವರಿಗೆ ಸಾಬ್, ನಮಗೆ ಬೇಡ” ಎಂದನು. ಯಂತ್ರಶಾಸ್ತ್ರ ಓದಿದ ನಾನೂ ತಲೆಯಾಡಿಸಿದೆ. ಆ ಚಳಿಗಾಲದಲ್ಲಿ ಲೀಟರಿಗೆ 13 ಕಿಲೋಮೀಟರು ಕೊಡುತ್ತಿದ್ದ ಕಾರು 10ಕ್ಕೆ ಇಳಿಯಿತು. ನಾನು ಪೆಟ್ರೋಲು ಬಂಕನ್ನು ಬೈದೆ, ಪ್ಲಗ್ಗುಗಳನ್ನು ಬದಲಿಸಿದೆ, ಕಾರ್ಬ್ಯುರೇಟರನ್ನು ಎರಡು ಬಾರಿ ತೊಳೆಸಿದೆ. ಎಣ್ಣೆ ಹಾಕುವ ಮುಚ್ಚಳದ ಒಳಮೈಯಲ್ಲಿ ಬೆಣ್ಣೆಯಂತಹ ಬಿಳಿಯ ಲೇಪ ಕಂಡಿತು. ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಬಿಚ್ಚಬೇಕು ಎಂದರು. ಹಣವಿಲ್ಲದ ಕಾರಣದಿಂದ ಮಾತ್ರ ಬಿಚ್ಚಿಸಲಿಲ್ಲ.

ಮರುವರ್ಷದ ಮೇ ತಿಂಗಳಿನಲ್ಲಿ ನನ್ನ ವೃದ್ಧ ತಾಯಿಯವರನ್ನು ಕೂರಿಸಿಕೊಂಡು ಬೀದರಿಗೆ ಹೊರಟಿದ್ದೆವು. ಸದಾಶಿವಪೇಟೆ ದಾಟಿದ ಮೇಲೆ ಕಾರು ಮತ್ತೆ ಕುದಿಯಿತು. ಥರ್ಮೋಸ್ಟಾಟ್ ಇಲ್ಲದ ಕಾರು! ಮರದ ನೆರಳೂ ಇಲ್ಲದ ಎಡೆಯಲ್ಲಿ ಎರಡು ಗಂಟೆ ಕಳೆದೆವು. ಅವರು ಒದ್ದೆ ಸೆರಗನ್ನು ತಲೆಗೆ ಹೊದ್ದು ಮಾತಿಲ್ಲದೆ ಕುಳಿತಿದ್ದುದನ್ನು ನಾನು ಇಂದಿಗೂ ಮರೆತಿಲ್ಲ. ಕೊನೆಗೆ ಹತ್ತಿರದ ಹಳ್ಳಿಯಿಂದ ಬಂದ ವಯಸ್ಸಾದ ಮೆಕ್ಯಾನಿಕ್ಕೊಬ್ಬರು ಮೇಲಿನ ಹೋಸ್ ಬಿಚ್ಚಿ ನೋಡಿ, “ಇದರೊಳಗೆ ವಾಲ್ವೇ ಇಲ್ಲವಲ್ಲ, ನೀರು ಅರ್ಧ ಒಳಗೇ ತಿರುಗುತ್ತಿದೆ” ಎಂದರು.

ಮೊದಲು ಹೇಳಿದ ಒಳದಾರಿಯನ್ನು ಈಗ ನೆನಪಿಸಿಕೊಳ್ಳಿ. ಅನೇಕ ಎಂಜಿನ್ನುಗಳಲ್ಲಿ ಥರ್ಮೋಸ್ಟಾಟಿನ ಕೆಳಭಾಗದಲ್ಲಿ ಎರಡನೆಯ ತಟ್ಟೆಯೊಂದಿರುತ್ತದೆ. ರೇಡಿಯೇಟರಿನ ಬಾಗಿಲು ತೆರೆದಂತೆ ಅದು ಒಳದಾರಿಯನ್ನು ಮುಚ್ಚುತ್ತದೆ. ಥರ್ಮೋಸ್ಟಾಟನ್ನೇ ಕಿತ್ತರೆ ಎರಡೂ ದಾರಿಗಳು ಸದಾ ತೆರೆದಿರುತ್ತವೆ. ಚಳಿಯ ಬೆಳಗಿನಲ್ಲಿ ಬೇಡವಾದಾಗಲೂ ದ್ರವ ರೇಡಿಯೇಟರಿಗೆ ಹೋಗುತ್ತದೆ; ಕಡುಬೇಸಿಗೆಯಲ್ಲಿ ಹೋಗಲೇಬೇಕಾದಾಗ ಅದರ ಒಂದು ಪಾಲು ರೇಡಿಯೇಟರನ್ನು ಕಾಣದೆಯೇ ಹಿಂತಿರುಗುತ್ತದೆ. ಹೀಗೆ ಒಂದೇ ತಪ್ಪು ಚಳಿಗಾಲದಲ್ಲಿ ತಣ್ಣಗಾಗಿಸಿ, ಬೇಸಿಗೆಯಲ್ಲಿ ಕುದಿಸುತ್ತದೆ. ನನ್ನ ಕಾರಿನ ಮೂಲರೋಗ ಬೇರೆಯೇ ಆಗಿತ್ತು: ಕೊಳವೆಬಾವಿಯ ಗಡಸು ನೀರಿನಿಂದ ರೇಡಿಯೇಟರಿನ ಅರ್ಧದಷ್ಟು ನಾಳಗಳು ಸುಣ್ಣಗಟ್ಟಿ ಮುಚ್ಚಿಹೋಗಿದ್ದವು. ಅದನ್ನು ತೊಳೆಸಿ ಹೊಸ ಥರ್ಮೋಸ್ಟಾಟ್ ಹಾಕಿಸಿದ ಮೇಲೆ ಕುದಿಯುವುದು ನಿಂತಿತು. ಆದರೆ ಆ ಒಂದು ವರ್ಷದ ತಣ್ಣನೆಯ ಓಟಕ್ಕೆ ಬೆಲೆ ತೆರಬೇಕಾಯಿತು. ಎಂಜಿನ್ ಇಳಿಸಿ ಪಿಸ್ಟನ್ ರಿಂಗುಗಳನ್ನು ಬದಲಿಸಿದೆವು.

ತಣ್ಣನೆಯ ಎಂಜಿನ್ ಏಕೆ ಸವೆಯುತ್ತದೆ? ಒಂದು ಲೀಟರ್ ಪೆಟ್ರೋಲು ಉರಿದರೆ ಸುಮಾರು ಒಂದು ಲೀಟರಿನಷ್ಟು ನೀರು ಹುಟ್ಟುತ್ತದೆ. ಕೇಳಲು ವಿಚಿತ್ರವಾದರೂ ಇದು ರಸಾಯನಶಾಸ್ತ್ರದ ಸಾಮಾನ್ಯ ಲೆಕ್ಕ: ಪೆಟ್ರೋಲಿನ ಹೈಡ್ರೋಜನ್ ಗಾಳಿಯ ಆಮ್ಲಜನಕದೊಡನೆ ಕೂಡಿದರೆ ನೀರಾಗುತ್ತದೆ. ಎಂಜಿನ್ ಬಿಸಿಯಿದ್ದರೆ ಈ ನೀರು ಆವಿಯಾಗಿಯೇ ಹೊರಹೋಗುತ್ತದೆ. ಗೋಡೆಗಳು ತಣ್ಣಗಿದ್ದರೆ ಅದರಲ್ಲಿ ಒಂದಿಷ್ಟು ಅವುಗಳ ಮೇಲೆ ಹನಿಗೂಡಿ, ದಹನದ ಆಮ್ಲಗಳನ್ನು ಹೀರಿಕೊಂಡು, ಲೋಹವನ್ನು ತಿನ್ನುತ್ತದೆ. ಕೆಳಗಿಳಿದು ಎಣ್ಣೆಯೊಡನೆ ಬೆರೆತು ನಾನು ಕಂಡ ಬೆಣ್ಣೆಯಂತಾಗುತ್ತದೆ. ಇದರ ಜೊತೆಗೆ ಪೂರ್ತಿ ಆವಿಯಾಗದ ಪೆಟ್ರೋಲು ಹನಿಹನಿಯಾಗಿ ಗೋಡೆಗೆ ತಗುಲಿ ಅಲ್ಲಿಯ ಎಣ್ಣೆಯ ಪದರವನ್ನು ತೊಳೆದುಬಿಡುತ್ತದೆ. ಎಣ್ಣೆಯಿಲ್ಲದ ಗೋಡೆಗೆ ರಿಂಗು ಉಜ್ಜಿದರೆ ಸವೆತ ಹಲವು ಪಟ್ಟು ಹೆಚ್ಚುವುದು ಸಹಜ. ಇಂದು ದೇಶದಲ್ಲಿ ಮಾರಾಟವಾಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಎಥನಾಲ್ ಆವಿಯಾಗಲು ಪೆಟ್ರೋಲಿಗಿಂತ ಹೆಚ್ಚು ಶಾಖವನ್ನು ಬೇಡುವುದರಿಂದ ಎಂಜಿನ್ ಬೇಗ ಬಿಸಿಯೇರುವುದು ಹಿಂದಿಗಿಂತ ಇಂದು ಹೆಚ್ಚು ಅವಶ್ಯಕ.

ಇಂಜೆಕ್ಷನ್ ಪದ್ಧತಿಯ ಹೊಸ ಕಾರುಗಳಲ್ಲಿ ಇನ್ನೊಂದು ತೊಡಕಿದೆ. ದ್ರವದ ಉಷ್ಣತೆಯನ್ನು ಸಂವೇದಕವೊಂದು ಸದಾ ಅಳೆದು ಕಂಪ್ಯೂಟರಿಗೆ ತಿಳಿಸುತ್ತದೆ. ಎಂಜಿನ್ ಇನ್ನೂ ತಣ್ಣಗಿದೆಯೆಂದು ತಿಳಿದಷ್ಟು ಕಾಲ ಕಂಪ್ಯೂಟರ್ ಹೆಚ್ಚು ಇಂಧನವನ್ನೇ ಕೊಡುತ್ತದೆ. ಥರ್ಮೋಸ್ಟಾಟ್ ತೆರೆದೇ ಉಳಿದರೆ ದಾರಿಯುದ್ದಕ್ಕೂ ಹೀಗೆಯೇ ನಡೆಯಬಹುದು. ಹೊಗೆ ಶುದ್ಧಮಾಡುವ ಕೆಟಲಿಟಿಕ್ ಕನ್ವರ್ಟರ್ 250ರಿಂದ 300 ಡಿಗ್ರಿಗೆ ಬಂದ ನಂತರವೇ ಸರಿಯಾಗಿ ಕೆಲಸಕ್ಕೆ ತೊಡಗುವುದು. 2020ರ ಏಪ್ರಿಲಿನಿಂದ ಭಾರತ್ ಸ್ಟೇಜ್ 6 ನಿಯಮಗಳು ಜಾರಿಯಲ್ಲಿವೆ. ತಣ್ಣನೆಯ ಎಂಜಿನ್ನಿನ ಕಾರು ಆ ನಿಯಮಗಳ ಆಶಯವನ್ನು ದಿನನಿತ್ಯ ಸದ್ದಿಲ್ಲದೆ ಮುರಿಯುತ್ತಿರುತ್ತದೆ. ನಮ್ಮ ದೇಶ ತನಗೆ ಬೇಕಾದ ಕಚ್ಚಾತೈಲದ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚನ್ನು ಹೊರಗಿನಿಂದ ತರಿಸುತ್ತದೆಂಬುದನ್ನೂ ಇಲ್ಲಿ ಹೇಳಬೇಕು.

ಈಗ ದೋಷವನ್ನು ಗುರುತಿಸುವ ಬಗೆ. ಕಾರಿನಲ್ಲಿ ಉಷ್ಣತೆಯ ಮುಳ್ಳು ಇದ್ದರೆ, ಹತ್ತು ಹದಿನೈದು ನಿಮಿಷ ಓಡಿದ ಮೇಲೆ ಅದು ಸಾಮಾನ್ಯವಾಗಿ ನಡುವಿಗೆ ಬಂದು ನಿಲ್ಲಬೇಕು. ಊರೊಳಗಿನ ದಟ್ಟಣೆಯಲ್ಲಿ ನಡುವಿನಲ್ಲಿದ್ದು, ಹೊರವರ್ತುಲ ರಸ್ತೆಯಲ್ಲಿ ವೇಗ ಹೆಚ್ಚಿದೊಡನೆ ಕೆಳಗಿಳಿದರೆ ಥರ್ಮೋಸ್ಟಾಟ್ ತೆರೆದೇ ಇದೆಯೆಂದು ಬಲವಾಗಿ ಸಂದೇಹಿಸಬಹುದು. ಇತ್ತೀಚಿನ ಸಣ್ಣ ಕಾರುಗಳಲ್ಲಿ ಮುಳ್ಳು ಇರುವುದಿಲ್ಲ; ತಣ್ಣಗಿರುವಾಗ ನೀಲಿ ದೀಪ, ಅತಿಯಾಗಿ ಕಾದಾಗ ಕೆಂಪು ದೀಪ. ಆ ನೀಲಿ ದೀಪ ಬಹಳ ಹೊತ್ತು ಆರದಿದ್ದರೆ ಅಲಕ್ಷಿಸಬಾರದು. ಹೀಟರನ್ನು ಈ ಊರಿನಲ್ಲಿ ಯಾರೂ ಬಳಸುವುದಿಲ್ಲ, ಆದರೂ ಅದು ಒಳ್ಳೆಯ ಪರೀಕ್ಷಕ: ಕಾಲು ಗಂಟೆ ಓಡಿದ ಮೇಲೂ ಅದರ ಗಾಳಿ ಬೆಚ್ಚಗೆ ಮಾತ್ರ ಇದ್ದರೆ ಎಂಜಿನ್ನೂ ಬೆಚ್ಚಗೆ ಮಾತ್ರ ಇದೆ ಎಂದರ್ಥ. ವರ್ಕ್‌ಶಾಪಿನ ಸ್ಕ್ಯಾನರಿನಲ್ಲಿ ಪಿ 0128 ಎಂಬ ಸಂಕೇತ ಬಂದರೆ ದ್ರವವು ನಿಗದಿತ ಉಷ್ಣತೆಯನ್ನು ಮುಟ್ಟುತ್ತಿಲ್ಲವೆಂದು ಕಂಪ್ಯೂಟರೇ ದೂರುತ್ತಿದೆಯೆಂದು ತಿಳಿಯಿರಿ.

ಉಪಕರಣವಿಲ್ಲದವರಿಗೆ ಕೈಯೇ ಸಾಕು. ರಾತ್ರಿಯೆಲ್ಲ ನಿಂತ ಕಾರನ್ನು ಬೆಳಿಗ್ಗೆ ಚಾಲೂ ಮಾಡಿ, ಎಂಜಿನ್ನಿನಿಂದ ರೇಡಿಯೇಟರಿನ ಮೇಲ್ಭಾಗಕ್ಕೆ ಹೋಗುವ ದಪ್ಪ ರಬ್ಬರಿನ ಹೋಸನ್ನು ಆಗಾಗ ಮುಟ್ಟಿ ನೋಡಿ. ಬೆಲ್ಟು, ಫ್ಯಾನುಗಳಿಂದ ಕೈ, ಸೆರಗು, ಅಂಗಿಯ ತೋಳು ದೂರವಿರಲಿ. ಥರ್ಮೋಸ್ಟಾಟ್ ಹೋಸಿನ ಬುಡದಲ್ಲಿರುವ ಕಾರುಗಳಲ್ಲಿ ಮೊದಲ ಹಲವು ನಿಮಿಷ ಹೋಸು ತಣ್ಣಗಿದ್ದು, ಆಮೇಲೆ ಒಮ್ಮೆಲೇ ಬಿಸಿಯಾಗಬೇಕು. ಮೊದಲ ನಿಮಿಷದಿಂದಲೇ ಎಂಜಿನ್ನಿನೊಡನೆ ಮೆಲ್ಲಮೆಲ್ಲನೆ ಬೆಚ್ಚಗಾಗುತ್ತ ಹೋದರೆ ಬಾಗಿಲು ಮುಚ್ಚುತ್ತಿಲ್ಲ, ಇಲ್ಲವೇ ಬಾಗಿಲೇ ಇಲ್ಲ.

ಎಲ್ಲ ತಪ್ಪನ್ನೂ ಥರ್ಮೋಸ್ಟಾಟಿನ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಏ.ಸಿ. ಹಾಕದೆಯೂ ತಣ್ಣನೆಯ ಎಂಜಿನ್ನಿನಲ್ಲಿ ರೇಡಿಯೇಟರ್ ಫ್ಯಾನು ತಿರುಗುತ್ತಿದ್ದರೆ ರಿಲೇ ಅಥವಾ ಸಂವೇದಕ ಕೆಟ್ಟಿರಬಹುದು. ಸಂವೇದಕವೇ ಸುಳ್ಳು ಹೇಳುತ್ತಿದ್ದರೆ ಎಂಜಿನ್ ಬಿಸಿಯಿದ್ದರೂ ಮುಳ್ಳು ಕೆಳಗಿರುತ್ತದೆ. ಎಲ್ಲಕ್ಕಿಂತ ಅಪಾಯಕಾರಿ ಸ್ಥಿತಿಯೆಂದರೆ ದ್ರವವೇ ಸೋರಿಹೋಗಿ ಸಂವೇದಕದ ಸುತ್ತ ಗಾಳಿ ತುಂಬಿರುವುದು. ಆಗ ಎಂಜಿನ್ ಸುಡುತ್ತಿದ್ದರೂ ಮುಳ್ಳು ‘ತಣ್ಣಗಿದೆ’ ಎನ್ನಬಹುದು. ಆದುದರಿಂದ ಮೊಟ್ಟಮೊದಲು, ಎಂಜಿನ್ ತಣಿದಿರುವಾಗ, ದ್ರವದ ಮಟ್ಟ ನೋಡಿ, ಉಳಿದದ್ದೆಲ್ಲ ಆಮೇಲೆ.

ಬದಲಿಸುವ ಕೆಲಸ ಅನೇಕ ಕಾರುಗಳಲ್ಲಿ ಒಂದೆರಡು ಗಂಟೆಯದು. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಎಂದಿಗೂ ತೆರೆಯಬಾರದು. ಒತ್ತಡದಲ್ಲಿರುವುದರಿಂದ ಒಳಗಿನ ದ್ರವ 100 ಡಿಗ್ರಿ ಮೀರಿದರೂ ಕುದಿಯದೆ ಇರುತ್ತದೆ. ಮುಚ್ಚಳ ಸಡಿಲವಾದೊಡನೆ ಕುದಿದು ಮುಖಕ್ಕೆ ಚಿಮ್ಮುತ್ತದೆ. ತಣಿದ ಮೇಲೆ ದ್ರವವನ್ನು ಅಗಲವಾದ ಪಾತ್ರೆಗೆ ಇಳಿಸಿಕೊಳ್ಳಿ. ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ಆದರೆ ವಿಷ. ಬಣ್ಣದ ಶರಬತ್ತಿನಂತೆ ಕಾಣುವ ಅದನ್ನು ಮಕ್ಕಳಿಗೂ ನಾಯಿಬೆಕ್ಕುಗಳಿಗೂ ಎಟುಕುವಂತೆ ಇಡಬಾರದು, ಚರಂಡಿಗೂ ಚೆಲ್ಲಬಾರದು. ಥರ್ಮೋಸ್ಟಾಟ್ ಕೂತಿರುವ ಗೂಡಿನ ಎರಡು ಮೂರು ಬೋಲ್ಟುಗಳನ್ನು ತೆಗೆದರೆ ಅದು ಕೈಗೆ ಬರುತ್ತದೆ. ಯಾವ ಮುಖ ಎತ್ತ ಇತ್ತೆಂಬುದನ್ನು ನೋಡಿಟ್ಟುಕೊಳ್ಳಿ. ಮೇಣದ ಬಟ್ಟಲು ಎಂಜಿನ್ನಿನ ಬದಿಗಿರಬೇಕು. ಗಾಳಿ ಹೊರಹೋಗಲು ಸಣ್ಣ ರಂಧ್ರದಲ್ಲಿ ಅಲುಗಾಡುವ ಕಡ್ಡಿಯೊಂದಿದ್ದರೆ ಅದು ಸಾಮಾನ್ಯವಾಗಿ ಮೇಲ್ಗಡೆ ಬರಬೇಕು. ಹಳೆಯ ಗ್ಯಾಸ್ಕೆಟನ್ನು ಪೂರ್ತಿ ಕೆರೆದು ತೆಗೆದು ಹೊಸದನ್ನೇ ಹಾಕಿ, ಬೋಲ್ಟುಗಳನ್ನು ಸಮನಾಗಿ ಬಿಗಿಯಿರಿ. ಅಲ್ಯೂಮಿನಿಯಂ ಗೂಡು ಅತಿಬಿಗಿತಕ್ಕೆ ಸೀಳುವುದುಂಟು.

ಹೊಸದನ್ನು ಕೂರಿಸುವ ಮುನ್ನ ಮನೆಯ ಒಲೆಯಲ್ಲೇ ಪರೀಕ್ಷಿಸಬಹುದು. ಅಡಿಗೆಗೆ ಮತ್ತೆ ಬಳಸದ ಹಳೆಯ ಪಾತ್ರೆಯಲ್ಲಿ ನೀರಿಟ್ಟು, ಥರ್ಮೋಸ್ಟಾಟನ್ನು ತಳಕ್ಕೆ ತಾಗದಂತೆ ದಾರದಿಂದ ಇಳಿಬಿಡಿ; ಜೊತೆಗೆ ಒಂದು ಉಷ್ಣಮಾಪಕ. ಜ್ವರ ನೋಡುವುದು ಇದಕ್ಕೆ ಆಗದು, ಪ್ರಯೋಗಶಾಲೆಯದು ಬೇಕು. ಮೈಮೇಲೆ 82 ಎಂದಿದ್ದರೆ ಆಸುಪಾಸಿನಲ್ಲಿ ಬಾಗಿಲು ಬಿರಿಯತೊಡಗಬೇಕು, ತೆಗೆದು ಆರಿಸಿದರೆ ಪೂರ್ತಿ ಮುಚ್ಚಬೇಕು. ಹೈದರಾಬಾದು ಸಮುದ್ರಮಟ್ಟಕ್ಕಿಂತ 500 ಮೀಟರಿಗೂ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತದೆ, ಬೆಂಗಳೂರಿನಲ್ಲಿ ಸುಮಾರು 97ಕ್ಕೆ. ಈ ಪರೀಕ್ಷೆಗೆ ಅಷ್ಟು ಸಾಲುತ್ತದೆ. ಕಿತ್ತ ಹಳೆಯದನ್ನೂ ಅದೇ ನೀರಿನಲ್ಲಿ ಇಳಿಬಿಟ್ಟು ನೋಡಿದರೆ ಅದರ ತಪ್ಪು ಕಣ್ಣಿಗೇ ಕಾಣುತ್ತದೆ.

ಮರಳಿ ತುಂಬುವಾಗ ತಯಾರಕರು ಹೇಳಿದ ಕೂಲಂಟನ್ನೇ ಬಳಸಬೇಕು. ಬೆರೆಸುವುದಿದ್ದರೆ ಬಟ್ಟಿಯಿಳಿಸಿದ ನೀರನ್ನು, ಅಂದರೆ ಡಿಸ್ಟಿಲ್ಡ್ ವಾಟರನ್ನು, ಬೆರೆಸಿ. ನಮ್ಮ ಬಡಾವಣೆಗಳ ಕೊಳವೆಬಾವಿಯ ನೀರು ಬಾಯ್ಲರಿನ ಸುರುಳಿಗೆ ಬಿಳಿಯ ಸುಣ್ಣವನ್ನು ಹೇಗೆ ಕಟ್ಟುತ್ತದೆಂಬುದನ್ನು ಮನೆಯ ಹೆಣ್ಣುಮಕ್ಕಳು ಚೆನ್ನಾಗಿ ಬಲ್ಲರು. ರೇಡಿಯೇಟರಿನ ಕೂದಲಿನಂತಹ ನಾಳಗಳು ಅದನ್ನು ತಾಳಲಾರವು. ತುಂಬಿದ ಮೇಲೆ ತಯಾರಕರ ಕ್ರಮದಂತೆ ಗಾಳಿಯನ್ನು ಹೊರಹಾಕಿ, ಫ್ಯಾನು ಒಮ್ಮೆ ತಾನಾಗಿ ತಿರುಗಿ ನಿಲ್ಲುವವರೆಗೆ ಎಂಜಿನ್ ನಡೆಸಿ, ತಣಿದ ಮೇಲೆ ಮಟ್ಟವನ್ನು ಮತ್ತೆ ನೋಡಬೇಕು.

ಎಂಜಿನ್ ಬಿಸಿಯಾಗಲೆಂದು ಬೆಳಿಗ್ಗೆ ಹತ್ತು ನಿಮಿಷ ಮನೆಯ ಮುಂದೆ ನಿಲ್ಲಿಸಿ ಓಡಿಸುವವರಿದ್ದಾರೆ. ಚೋಕ್ ಎಳೆಯುತ್ತಿದ್ದ ಕಾಲದ ಅಭ್ಯಾಸವದು. ಇಂಜೆಕ್ಷನ್ ಕಾರನ್ನು ಚಾಲೂ ಮಾಡಿ ಅರ್ಧ ನಿಮಿಷದಲ್ಲಿ ಹೊರಡಬಹುದು. ಮೊದಲ ಕೆಲವು ಕಿಲೋಮೀಟರು ಮೆತ್ತಗೆ ಓಡಿಸಿದರೆ ನಿಂತಲ್ಲಿಗಿಂತ ಬೇಗ ಬಿಸಿಯೇರುತ್ತದೆ. ಕಾಚಿಗೂಡದಿಂದ ನಾರಾಯಣಗೂಡಕ್ಕೆ ತರಕಾರಿ ತರಲು ಹೋಗಿಬರುವಷ್ಟರಲ್ಲಿ ಎಂತಹ ಆರೋಗ್ಯವಂತ ಎಂಜಿನ್ನೂ ಸರಿಯಾಗಿ ಬಿಸಿಯಾಗದು. ಅಂತಹ ಓಡಾಟವೇ ಹೆಚ್ಚಾಗಿರುವ ಕಾರಿನ ಎಣ್ಣೆಯನ್ನು ಕಿಲೋಮೀಟರಿನ ಲೆಕ್ಕಕ್ಕೆ ಕಾಯದೆ ಬೇಗ ಬದಲಿಸಿ. ಹದಿನೈದು ದಿನಕ್ಕೊಮ್ಮೆಯಾದರೂ ಸಂಗಾರೆಡ್ಡಿಯವರೆಗೋ ಇನ್ನೆಲ್ಲಿಗೋ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಓಡಿಸಿ, ಒಳಗಿನ ನೀರು ಆರಿಹೋಗಲಿ. ಮುಂದಿನ ಸಲ ರಿಪೇರಿಗೆ ಬಿಟ್ಟಾಗ, ಥರ್ಮೋಸ್ಟಾಟ್ ಒಳಗಿದೆಯೋ ಇಲ್ಲವೋ ಎಂದು ಮೆಕ್ಯಾನಿಕ್ಕನ್ನು ನೇರವಾಗಿ ಕೇಳಿರಿ. ಹಳೆಯ ಕಾರು ಕೊಳ್ಳುತ್ತಿರುವವರಂತೂ ಹಣ ಎಣಿಸುವ ಮೊದಲೇ, ತಣ್ಣನೆಯ ಎಂಜಿನ್ನಿನ ಹೋಸನ್ನು ತಾವೇ ಮುಟ್ಟಿ ನೋಡಿರಿ.